ಔಟ್ ತೆಗೆಯುವುದು

ಗುತ್ತಲು ರಸ್ತೆಯ ತಿರುವಿನಲ್ಲಿ
ಬೋರಲಿಂಗಯ್ಯನ ಸೈಕಲ್ ಶಾಪು.
ಶಾಪು ಅನ್ನುವುದು ಮರ್ಯಾದೆಗೆ. ಇದ್ದದ್ದು
ನಾಲ್ಕು ಜಿಂಕ್ ಶೀಟು, ಒಂದು ಪಂಪು,
ಪಂಕ್ಚರ್ ನೋಡುವ ಕಬ್ಬಿಣದ ಬಾಂಡ್ಲಿ,
ಅದರ ನೀರಲ್ಲಿ ಮುರಿದು ಮುರಿದು ಕೂಡುವ ನನ್ನ ಮುಖ.

ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಯಲ್ಲಿ
ಒಂದೇ ಲೆಕ್ಕವನ್ನು ಮೂರು ಸಲ ಅಳಿಸಿ ಬರೆದು,
ಗಂಟೆ ಹೊಡೆದಾಗ
ಉಳಿದ ಹಾಳೆಯೆಲ್ಲ ಬಿಳಿ ಬಿಟ್ಟು ಎದ್ದು ಬಂದವಳು ನಾನು.
ಮಾವ ಬಯ್ಯಲಿಲ್ಲ.
ನಿಪ್ಪಲ್ ಕೀ ಕೈಗಿಟ್ಟು "ಔಟ್ ತೆಗಿ" ಅಂದ.

ಔಟ್ ಅಂದರೆ ಚಕ್ರದ ಓಲಾಟ.
ಫೋರ್ಕಿಗೆ ಸಿಕ್ಕಿಸಿ ತಿರುಗಿಸಬೇಕು,
ಪಕ್ಕಕ್ಕೊಂದು ಬಳಪ ಹಿಡಿಯಬೇಕು,
ತಾಕಿದಲ್ಲಿ ಬೀಳುವ ಬಿಳಿ ಗೀರು ನೋಡಿ
ಎದುರು ಕಡೆಯ ಕಡ್ಡಿ ಬಿಗಿ, ಈ ಕಡೆಯದು ಸಡಿಲ,
ಕಾಲು ಸುತ್ತು, ಅರ್ಧ ಸುತ್ತು.
ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ.
ಒಂದನ್ನು ಒಲಿಸಿದರೆ ಇನ್ನೊಂದು ಮುನಿಯುತ್ತದೆ,
ಸೊಸೆಯಂದಿರು ತುಂಬಿದ ಮನೆಯ ಹಾಗೆ.

ನನ್ನ ಮೊದಲ ಚಕ್ರ ಚಿಕ್ಕಬೆಟ್ಟಯ್ಯನದು,
ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಸೋಮವಾರ ಬಿಟ್ಟು ಹೋಗುತ್ತ "ನಾಳೆ ಸಿಗ್ತದಾ ಮಗ?" ಅಂದಿದ್ದ.
ಮಂಗಳವಾರ ಒಂದು ಗೀರು ಉಳಿದಿತ್ತು.
ಬುಧವಾರ ಅದು ಹೋಗಿ ಎರಡು ಬಂದವು.
ಗುರುವಾರ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ.
ದಿನಾ ಸಂಜೆ ಸೈರನ್ನಿಗೆ ಮುಂಚೆ
ಬುತ್ತಿ ಕ್ಯಾರಿಯರ್ ತೂಗಿಸಿಕೊಂಡು
ಅಂಗಡಿ ಮುಂದೆಯೇ ನಡೆದು ಹೋಗುತ್ತಿದ್ದ.
ನನ್ನ ಕಡೆ ನೋಡುತ್ತಿರಲಿಲ್ಲ.
ನಾನೂ ತಲೆ ಎತ್ತುತ್ತಿರಲಿಲ್ಲ,
ಇದನ್ನೇ ಶ್ರದ್ಧೆ ಅಂದುಕೊಂಡಿದ್ದೆ.

ಶುಕ್ರವಾರ ರಾತ್ರಿ, ಯಾರೂ ಮುಟ್ಟದೆ,
ಅತಿಯಾಗಿ ಬಿಗಿದ ಕಡ್ಡಿಯೊಂದು
ಕತ್ತಲಲ್ಲಿ ಟಣ್ಣೆಂದು ಮುರಿಯಿತು.
ಹಿಂದಿನ ಕೋಣೆಯಿಂದ ಮಾವ ಎದ್ದು ಬಂದ,
ಬೀಡಿ ಹಚ್ಚಿದ, ಹೊಸ ಕಡ್ಡಿ ಪೋಣಿಸಿದ,
ಚಕ್ರ ಒಮ್ಮೆ ತಿರುಗಿಸಿ ಕೇಳಿದ:
"ಎಷ್ಟೈತೆ?"
"ಅಕ್ಕಿಕಾಳಿನಷ್ಟು."
"ಬ್ರೇಕ್ ರಬ್ಬರಿಗೆ ತಾಕ್ತದಾ?"
"ಇಲ್ಲ."
"ಟಯರ್ ಹಾಕು ಮತ್ತೆ. ಅಕ್ಕಿಕಾಳು ಹೊತ್ಕಂಡೇ ಓಡ್ಲಿ ಕನವ್ವ.
ಆ ವಯ್ಯ ನಡೀತಾವ್ನೆ."

ಶನಿವಾರ ಸೈಕಲ್ ಒಪ್ಪಿಸುವಾಗ
ನನ್ನ ಕಿವಿಯೆಲ್ಲ ಬಿಸಿ.
ಅವನು ಚಕ್ರ ನೋಡಲೇ ಇಲ್ಲ.
ಬೆಲ್ ಒಂದು ಸಲ ಒತ್ತಿ ಹತ್ತಿಬಿಟ್ಟ.
ಕಾಲುವೆ ಏರಿ ದಾಟುವವರೆಗೂ ಕಂಡಿತು ನನಗೆ ಆ ಓಲಾಟ,
ಹೂಂ ಅಂತಲೋ ಊಹೂಂ ಅಂತಲೋ
ಗೊತ್ತಾಗದ ಹಾಗೆ ತಲೆಯಾಡಿಸುತ್ತ.

ಎರಡನೆಯ ಚಕ್ರ ಇನ್ನೂ ಕೆಟ್ಟಿತು: ಅವರೆಕಾಳು.
ಮೂರನೆಯದು ತೊಗರಿ. ಆರನೆಯದು ಮತ್ತೆ ಅಕ್ಕಿ.
ಕೊಟ್ಟೆ, ಕೊಟ್ಟೆ, ಎಲ್ಲವನ್ನೂ ಕೊಟ್ಟೆ.
ಒಬ್ಬಳು ವಾಪಸು ತಂದು ಬಯ್ದು ಹೋದಳು,
ಅವಳದ್ದೇ ಚಕ್ರದಲ್ಲಿ ಕಲಿತೆ
ಕಡ್ಡಿಯನ್ನು ಬೆರಳಲ್ಲಿ ಮೀಟಿ ಕೇಳುವುದನ್ನು:
ಸಡಿಲಾದದ್ದು ಗೊಣಗುತ್ತದೆ, ಬಿಗಿಯಾದದ್ದು ಕಿರುಚುತ್ತದೆ.
ದೀಪಾವಳಿ ಹೊತ್ತಿಗೆ ಕೈಗೆ ರಾಗಿಕಾಳು ಸಿಕ್ಕಿತು.
ಅದಕ್ಕಿಂತ ಸಣ್ಣದು
ಇವತ್ತಿನವರೆಗೂ ಸಿಕ್ಕಿಲ್ಲ.

ಕಬ್ಬು ಅರೆಯುವುದು ಮುಗಿಯುವ ತಿಂಗಳು
ಚಿಕ್ಕಬೆಟ್ಟಯ್ಯ ಬಂದ, ಬ್ರೇಕ್ ರಬ್ಬರ್ ಸವೆದಿತ್ತು.
ಅವನು ಟೀ ಕುಡಿಯಲು ಹೋದಾಗ ಕದ್ದು ಬಳಪ ಹಿಡಿದೆ.
ಅದೇ ಜಾಗ, ಅದೇ ಗೀರು.
ರಿಮ್ಮಿನ ತುಂಬ ಏರಿಯ ಕೆಸರು,
ಕಡ್ಡಿಗಳ ಸಂದಿಗೆ ಒಣಗಿದ ಸೋಗೆ.
ಕೀ ತೆಗೆದುಕೊಂಡೆ.
ವಾಪಸು ಇಟ್ಟೆ.
ರಬ್ಬರ್ ಮಾತ್ರ ಹಾಕಿ ಕೊಟ್ಟೆ.

ಮಾವ ಈಗ ಇಲ್ಲ.
ಅಂಗಡಿಗೆ ಬೋರ್ಡು ನಾನೇ ಬರೆದೆ, ಪೇಂಟರಿಗೆ ಕಾಯದೆ.
"ಸೈಕಲ್" ಅನ್ನುವುದೇ ಹಲಗೆ ತುಂಬಿಬಿಟ್ಟು
"ಶಾಪ್" ಮೂಲೆಯಲ್ಲಿ
ಸಿಟಿ ಬಸ್ಸಿನ ಕೊನೆ ಸೀಟಿನವರಂತೆ ಒತ್ತಿಕೊಂಡು ಕೂತಿದೆ.
ಅಳಿಸಲಿಲ್ಲ.
ಜನಕ್ಕೆ ಅಂಗಡಿ ಸಿಗುತ್ತಿದೆ.